ಆನೆ ಕೊಟ್ಟವರು ಅಂಕುಶ ಕೊಡಲಿಲ್ಲ

ದಸರೆಯ ಕಾಲಕ್ಕೆ ಕಾಡಿನ ಶಿಬಿರಗಳಿಂದ ಮೈಸೂರಿಗೆ ಬರುವ ಆನೆಗಳನ್ನು ಕಂಡವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಆನೆ ಒಂಟಿಯಾಗಿ ಬರುವುದಿಲ್ಲ. ಅದರ ಮಾವುತನೂ ಕಾವಾಡಿಯೂ, ಅವರ ಹೆಂಡಿರು ಮಕ್ಕಳೂ ಜೊತೆಯಲ್ಲಿಯೇ ಬಂದು ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತಾರೆ. ಕಿವಿಯ ಹಿಂದೆ ಕಾಲ್ಬೆರಳಿನಿಂದ ಎಲ್ಲಿ ಒತ್ತಿದರೆ ಆನೆ ಎಡಕ್ಕೆ ತಿರುಗುತ್ತದೆ, ಯಾವ ಮಾತಿಗೆ ಮಂಡಿಯೂರುತ್ತದೆ ಎಂಬುದು ಮಾವುತನಿಗೆ ಗೊತ್ತು. ಬೇರೊಬ್ಬನು, ಅವನು ಎಂತಹ ಬಲಶಾಲಿಯೇ ಆಗಿರಲಿ, ಆ ಆನೆಯನ್ನು ಏರಿದರೆ ಏರಿ ಕುಳಿತಂತೆಯೇ ಇರಬೇಕಾದೀತು. ಕಳೆದ ಬೇಸಿಗೆಯಲ್ಲಿ ಅಂಗೈಯಗಲದ ಒಂದು ವಸ್ತು ಈ ಸಂಗತಿಯನ್ನು ನನಗೆ ಮತ್ತೆ ನೆನಪಿಗೆ ತಂದಿತು.

ಐದು ವರ್ಷಗಳ ಹಿಂದೆ ಕೊಂಡ ನನ್ನ ಫೋನಿಗೆ ಯಾವ ರೋಗವೂ ಇರಲಿಲ್ಲ. ಗಾಜು ಒಡೆದಿರಲಿಲ್ಲ, ಬ್ಯಾಟರಿ ಬೆಳಗಿನಿಂದ ಸಂಜೆಯವರೆಗೆ ಬರುತ್ತಿದ್ದಿತು. ಆದರೆ ಅದನ್ನು ಮಾಡಿದ ಕಂಪೆನಿಯವರು ಎರಡು ವರ್ಷ ಕಳೆದ ಮೇಲೆ ಹೊಸ ತಂತ್ರಾಂಶವನ್ನು ಕಳುಹಿಸುವುದನ್ನು ನಿಲ್ಲಿಸಿಬಿಟ್ಟಿದ್ದರು. ಒಂದು ದಿನ ನನ್ನ ಪಿಂಚಣಿ ಬರುವ ಬ್ಯಾಂಕಿನ ಆ್ಯಪ್, ಇಷ್ಟು ಹಳೆಯ ಆಂಡ್ರಾಯ್ಡಿನ ಮೇಲೆ ತಾನು ನಡೆಯಲಾರೆನೆಂದು ತಿಳಿಸಿ ಬಾಗಿಲು ಮುಚ್ಚಿಕೊಂಡಿತು. ಗಟ್ಟಿಮುಟ್ಟಾಗಿರುವ ವಸ್ತುವನ್ನು ಎಸೆದು ಹೊಸದನ್ನು ಕೊಳ್ಳುವುದು ನನ್ನ ವಯಸ್ಸಿನವರಿಗೆ ಒಗ್ಗುವ ಮಾತಲ್ಲ. ರಜೆಗೆಂದು ಬಂದಿದ್ದ ತಂಗಿಯ ಮಗ, ಎಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿ ಓದುತ್ತಿರುವವನು, ನನ್ನ ಗೊಣಗಾಟವನ್ನು ಕೇಳಿ ನಕ್ಕನು.

“ಹೊಸದು ಯಾಕೆ ಮಾವ? ಒಳಗಿನ ಆಪರೇಟಿಂಗ್ ಸಿಸ್ಟಮನ್ನು ಬದಲಾಯಿಸಿದರೆ ಆಯಿತು. ಒಂದು ಮಧ್ಯಾಹ್ನದ ಕೆಲಸ.”

ಮಧ್ಯಾಹ್ನದ ಕೆಲಸ ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಪ್ರಪಂಚದ ಯಾವ ಯಾವ ಮೂಲೆಯಲ್ಲಿಯೋ ಕುಳಿತ ಸ್ವಯಂಸೇವಕರು ಸಂಬಳವಿಲ್ಲದೆ ಸಿದ್ಧಪಡಿಸಿದ ಒಂದು ವ್ಯವಸ್ಥೆಯನ್ನು ಅವನು ಅದರೊಳಗೆ ಇಳಿಸಿದ್ದನು. ಹುಡುಗರು ಇದನ್ನು ‘ಕಸ್ಟಮ್ ರಾಮ್’ ಎನ್ನುತ್ತಾರೆ. ಮೊದಲು ಕೇಳಿದಾಗ ಯಾವುದೋ ಹೊಸ ದೇವರೆಂದೇ ನಾನು ತಿಳಿದಿದ್ದೆನು. ಫೋನು ಹೊಸ ಮದುಮಗನಂತೆ ಬೆಳಗಿತು. ಕನ್ನಡದ ಅಕ್ಷರಗಳು ಮುದ್ದಾಗಿ ಮೂಡಿದವು. ಅಂತರ್ಜಾಲ ಬಂದಿತು, ಬೆರಳಚ್ಚಿಗೆ ಬೀಗ ತೆರೆಯಿತು. ಆಮೇಲೆ ಒಂದೊಂದಾಗಿ ಕೊರತೆಗಳು ಕಾಣಿಸಿಕೊಂಡವು. ಕ್ಯಾಮೆರಾವನ್ನು ತೆರೆದರೆ ಬರೀ ಕತ್ತಲೆ. ತಂಗಿಗೆ ಫೋನು ಮಾಡಿದರೆ ಕರೆ ಹೋಗುತ್ತಲೇ ಇರಲಿಲ್ಲ.

“ಕ್ಯಾಮೆರಾಕ್ಕೆ ಡ್ರೈವರ್ ಸರಿಯಾಗಿ ಕೂತಿಲ್ಲ, ಮಾವ.”

“ಬಸ್ಸಿಗೆ ಡ್ರೈವರ್ ಇಲ್ಲದಿದ್ದರೆ ಡಿಪೋ ಮ್ಯಾನೇಜರನ್ನು ಕೇಳಬಹುದು. ಇವನನ್ನು ಯಾರ ಹತ್ತಿರ ಕೇಳೋಣವಪ್ಪ?”

“ಅದೇ ಕಷ್ಟ,” ಎಂದನು ಹುಡುಗ.

ಆ ಕಷ್ಟವೇನೆಂದು ತಿಳಿಯಲು ನಾನು ಮುಂದಿನ ಕೆಲವು ವಾರ ಅವನನ್ನು ಪೀಡಿಸಿದೆನು, ಸಿಕ್ಕಿದ್ದನ್ನೆಲ್ಲ ಓದಿದೆನು. ಓದುತ್ತ ಹೋದಂತೆ ಇದು ಯಂತ್ರದ ಕಥೆ ಮಾತ್ರವಲ್ಲ, ಕೊಂಡ ವಸ್ತುವಿಗೆ ಒಡೆಯರು ಯಾರು ಎಂಬ ಹಳೆಯ ವ್ಯಾಜ್ಯದ ಕಥೆಯೂ ಹೌದೆಂದು ತೋರಿತು.

ಫೋನಿನೊಳಗಿರುವುದು ಒಬ್ಬರ ಕೈಕೆಲಸವಲ್ಲ. ಮಿದುಳಿನಂತಿರುವ ಚಿಪ್ಪು ಕ್ವಾಲ್‌ಕಾಮ್ ಅಥವಾ ಮೀಡಿಯಾಟೆಕ್‌ನಂತಹ ಕಂಪೆನಿಯದು. ಕ್ಯಾಮೆರಾದ ಕಣ್ಣು ಸೋನಿಯದೋ ಸ್ಯಾಮ್‌ಸಂಗಿನದೋ. ಸ್ಪರ್ಶವನ್ನು ಗ್ರಹಿಸುವ ಗಾಜು ಇನ್ನೊಬ್ಬರದು, ಬೆರಳಚ್ಚಿನ ಗುಂಡಿ ಮತ್ತೊಬ್ಬರದು. ಇವುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಆದ ಭಾಷೆಯುಂಟು. ಯಾವ ಸಂಖ್ಯೆಯನ್ನು ಯಾವ ವಿಳಾಸದಲ್ಲಿ ಬರೆದರೆ ಕಣ್ಣು ತೆರೆಯುತ್ತದೆ, ಎಷ್ಟು ವೋಲ್ಟ್ ವಿದ್ಯುತ್ತನ್ನು ಎಷ್ಟು ಹೊತ್ತು ಕೊಟ್ಟ ಮೇಲೆ ಮಾತನಾಡಿಸಬೇಕು ಎಂಬುದೆಲ್ಲ ಮಾಡಿದವನಿಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ. ಆಪರೇಟಿಂಗ್ ಸಿಸ್ಟಮಿನ ಸಾಮಾನ್ಯ ಅಪ್ಪಣೆಯನ್ನು ಈ ವಿಶೇಷ ಭಾಷೆಗೆ ತಿರುಗಿಸಿ ಹೇಳುವ ಸಣ್ಣ ತಂತ್ರಾಂಶವೇ ಡ್ರೈವರ್. ಆನೆಯ ಮಾವುತನೆಂದರೆ ಇವನೇ.

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿಯೂ ಡ್ರೈವರುಗಳುಂಟಲ್ಲ, ಅಲ್ಲಿ ಈ ಪಾಡಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸವಿದೆ. ಆ ಕಂಪ್ಯೂಟರುಗಳಲ್ಲಿ ಬಹುಪಾಲು ಭಾಗಗಳು ಕೇಳಿದ ಕೂಡಲೆ ತಮ್ಮ ಹೆಸರು ಕುಲಗಳನ್ನು ಹೇಳಿಕೊಳ್ಳುತ್ತವೆ. ಹಿಂದಿನವರು ಪ್ರವರ ಹೇಳಿಕೊಳ್ಳುತ್ತಿದ್ದ ಹಾಗೆ. ಫೋನಿನ ಭಾಗಗಳು ಬಾಯಿ ಬಿಡುವುದಿಲ್ಲ. ಯಾವ ತಂತಿಯ ಕೊನೆಯಲ್ಲಿ ಯಾರಿದ್ದಾರೆ ಎಂಬ ಪಟ್ಟಿಯನ್ನು ಮೊದಲೇ ಬರೆದುಕೊಟ್ಟಿರಬೇಕು. ೨೦೧೧ರಲ್ಲಿ, ಆರ್ಮ್ ಜಾತಿಯ ಚಿಪ್ಪುಗಳ ಇಂತಹ ಒಡಕು ಲೆಕ್ಕಗಳೆಲ್ಲ ಲಿನಕ್ಸಿನೊಳಗೆ ಬಂದು ತುಂಬಿಕೊಳ್ಳುತ್ತಿದ್ದುದನ್ನು ಕಂಡು ಲಿನಸ್ ಟೊರ್ವಾಲ್ಡ್ಸ್ ಬಹಿರಂಗವಾಗಿಯೇ ಸಿಡಿಮಿಡಿಗೊಂಡನು. ಅದರ ತರುವಾಯ ಆ ಪಟ್ಟಿಗಳನ್ನು ‘ಡಿವೈಸ್ ಟ್ರೀ’ ಎಂಬ ಪ್ರತ್ಯೇಕ ಕಡತವಾಗಿ ಬರೆಯುವ ಪದ್ಧತಿ ಆರ್ಮ್ ಲೋಕದಲ್ಲಿ ನೆಲೆಗೊಂಡಿತು. ಆದರೆ ಪಟ್ಟಿ ಬೇರೆಯಾದ ಮಾತ್ರಕ್ಕೆ ಅದನ್ನು ಬರೆದುಕೊಡುವವರು ಹುಟ್ಟಿಕೊಳ್ಳುವುದಿಲ್ಲವಷ್ಟೆ. ಇನ್ನು ಹೆಸರನ್ನು ನಂಬುವಂತೆಯೂ ಇಲ್ಲ. ೨೦೧೨ರ ಗ್ಯಾಲಕ್ಸಿ ಎಸ್ ೩ ಎಂಬ ಒಂದೇ ಹೆಸರಿನ ಫೋನಿನಲ್ಲಿ ಹಲವು ದೇಶಗಳಿಗೆ ಸ್ಯಾಮ್‌ಸಂಗಿನ ಎಕ್ಸಿನಾಸ್ ಚಿಪ್ಪನ್ನೂ ಅಮೆರಿಕಕ್ಕೆ ಕ್ವಾಲ್‌ಕಾಮಿನ ಸ್ನ್ಯಾಪ್‌ಡ್ರಾಗನನ್ನೂ ಇಟ್ಟಿದ್ದರು. ಒಂದಕ್ಕೆ ಒಪ್ಪುವ ವ್ಯವಸ್ಥೆ ಇನ್ನೊಂದಕ್ಕೆ ಒಪ್ಪದು.

ಡ್ರೈವರಿನ ಗುಟ್ಟಿಗೂ ಸ್ವತಂತ್ರ ತಂತ್ರಾಂಶದ ಚಳವಳಿಗೂ ಹುಟ್ಟಿನಿಂದಲೇ ಸಂಬಂಧವುಂಟು. ೧೯೮೦ರ ಸುಮಾರಿನಲ್ಲಿ ಅಮೆರಿಕದ ಎಂ.ಐ.ಟಿ.ಯ ಒಂದು ಪ್ರಯೋಗಶಾಲೆಗೆ ಜೆರಾಕ್ಸ್ ಕಂಪೆನಿಯ ಲೇಸರ್ ಮುದ್ರಣ ಯಂತ್ರವೊಂದು ಬಂದಿತು. ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಯಂತ್ರದ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಮಾಡಿದ್ದ ರಿಚರ್ಡ್ ಸ್ಟಾಲ್‌ಮನ್ ಹೊಸದನ್ನೂ ಹಾಗೆಯೇ ತಿದ್ದಬೇಕೆಂದು ಹೊರಟರೆ, ಅದರ ಮೂಲ ಬರಹವನ್ನೇ ಕೊಟ್ಟಿರಲಿಲ್ಲ. ಅದು ಯಾರ ಬಳಿಯಿದೆಯೆಂದು ವಿಚಾರಿಸಿಕೊಂಡು ಹೋದರೆ, ಆತನು ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದೇನೆಂದು ಕೈಯಾಡಿಸಿಬಿಟ್ಟನು. ಆ ಸಿಟ್ಟು ಆರಲಿಲ್ಲ. ೧೯೮೩ರಲ್ಲಿ ಸ್ಟಾಲ್‌ಮನ್ ಗ್ನು ಯೋಜನೆಯನ್ನು ಸಾರಿದನು. ಮುಂದೆ ಜಿಪಿಎಲ್ ಎಂಬ ಪರವಾನಗಿ ಹುಟ್ಟಿತು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಮರುವರ್ಷ ಇದೇ ಪರವಾನಗಿಯ ಆಶ್ರಯಕ್ಕೆ ಬಂದಿತು. ಇದನ್ನು ಬಳಸಿ ವಸ್ತುವನ್ನು ಮಾರುವವನು ತಾನು ತಿದ್ದಿದ ಮೂಲ ಬರಹವನ್ನು ಕೊಂಡವನಿಗೆ ಕೊಡಬೇಕೆಂಬುದು ಅದರ ಕಟ್ಟಳೆ.

೨೦೦೮ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡಿನ ತಿರುಳು ಈ ಲಿನಕ್ಸೇ. ಹಾಗಾದರೆ ಡ್ರೈವರುಗಳೆಲ್ಲ ಬಯಲಿಗೆ ಬಂದಿರಬೇಕಷ್ಟೆ? ಬರಲಿಲ್ಲ, ಇಲ್ಲಿಯೇ ಜಾಣತನವಿರುವುದು. ಆಂಡ್ರಾಯ್ಡಿನ ರಚನೆಯಲ್ಲಿ ತಿರುಳಿನ ಹೊರಗೆ, ಬೇರೊಂದು ಸಡಿಲವಾದ ಪರವಾನಗಿಯ ಕೆಳಗೆ, ‘ಹ್ಯಾಲ್’ ಎಂಬ ಪದರವೊಂದನ್ನು ಇಟ್ಟಿದ್ದಾರೆ. ತಯಾರಕನು ತಿರುಳಿನೊಳಗೆ ಬಡಕಲು ಬಾಗಿಲೊಂದನ್ನು ಮಾತ್ರ ಕೂರಿಸಿ, ಅದರ ಮೂಲ ಬರಹವನ್ನು ಶಾಸ್ತ್ರಕ್ಕೆ ಕೊಟ್ಟು, ನಿಜವಾದ ಗುಟ್ಟುಗಳನ್ನೆಲ್ಲ ಈ ಹೊರಪದರದಲ್ಲಿ ಯಂತ್ರಕ್ಕೆ ಮಾತ್ರ ಓದಲು ಬರುವ ಮುದ್ದೆಗಳಾಗಿ ಇರಿಸಬಹುದು. ಇವುಗಳಿಗೆ ಇಂಗ್ಲಿಷಿನಲ್ಲಿ ‘ಬ್ಲಾಬ್’ ಎಂಬ ಹೆಸರಿದೆ. ಆನೆಯನ್ನು ಕೊಟ್ಟು ಅಂಕುಶವನ್ನು ಬಚ್ಚಿಟ್ಟುಕೊಳ್ಳುವ ಉಪಾಯ ಇದೇ. ಕಾನೂನಿನ ಪ್ರಕಾರ ತಪ್ಪೆನ್ನುವ ಹಾಗಿಲ್ಲ. ಸ್ಪರ್ಧಿಗಳು ಕದಿಯುತ್ತಾರೆಂಬ ಅಂಜಿಕೆ, ಇತರರಿಂದ ಪಡೆದ ತಂತ್ರದ ಕರಾರು, ಪೇಟೆಂಟು ವ್ಯಾಜ್ಯಗಳ ಭಯ, ಎಲ್ಲವೂ ಅವರಿಗುಂಟು. ನಾನು ಅವರ ಪಕ್ಷವನ್ನೂ ಕೇಳಲು ಸಿದ್ಧನೇ. ಆದರೆ ಎರಡು ವರ್ಷಕ್ಕೆ ಆನೆಯನ್ನು ಕೈಬಿಟ್ಟ ಮೇಲೂ ಅಂಕುಶವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಕ್ಕೆ ಏನು ಕಾರಣ ಹೇಳುವರೋ ಕಾಣೆ.

ಬೇರೆ ವ್ಯವಸ್ಥೆಯನ್ನು ಕಟ್ಟುವವರ ಪರಂಪರೆ ಆಂಡ್ರಾಯ್ಡಿನಷ್ಟೇ ಹಳೆಯದು. ಮೊದಲ ಆಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮಿಗಾಗಿ ಸ್ಟೀವ್ ಕಾಂಡಿಕ್ ೨೦೦೯ರಲ್ಲಿ ಆರಂಭಿಸಿದ ಸಯಾನೊಜೆನ್‌ಮಾಡ್ ಬೆಳೆದು ಹೆಮ್ಮರವಾಯಿತು. ೨೦೧೬ರ ಕೊನೆಗೆ ಅದರ ಹಿಂದಿದ್ದ ಕಂಪೆನಿ ಕೈಚೆಲ್ಲಿದಾಗ ಲೀನಿಯೇಜ್ ಒಎಸ್ ಎಂಬ ಹೆಸರಿನಲ್ಲಿ ಮತ್ತೆ ಚಿಗುರಿತು. ನಮಗೂ ಇದರಿಂದ ಉಪಕಾರವಾಗಿದೆ. ೨೦೧೨ರಲ್ಲಿ ಆಂಡ್ರಾಯ್ಡ್ ೪.೧ ಬರುವವರೆಗೆ ಆ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಪೀಠವಿರಲಿಲ್ಲ. ಎಷ್ಟೋ ಫೋನುಗಳಲ್ಲಿ ನಮ್ಮ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಸಾಲಾಗಿ ನಿಲ್ಲುತ್ತಿದ್ದವು. ತಯಾರಕರು ಕೈಬಿಟ್ಟ ಹಳೆಯ ಫೋನುಗಳಿಗೆ ೪.೧ನ್ನು ತಂದು ತೊಡಿಸಿದವರು ಇಂತಹ ಹವ್ಯಾಸಿಗಳೇ. ಅದರೊಂದಿಗೆ ಕನ್ನಡವೂ ಬಂದಿತು.

ಈ ಹವ್ಯಾಸಿಗಳು ಮುಚ್ಚಿದ ಡ್ರೈವರನ್ನು ಹೇಗೆ ಪಳಗಿಸುತ್ತಾರೆ? ಬಹುಮಟ್ಟಿಗೆ ಪಳಗಿಸುವುದಿಲ್ಲ, ಎತ್ತಿಕೊಂಡು ಬರುತ್ತಾರೆ. ತಯಾರಕರು ಕೊಟ್ಟ ಹಳೆಯ ವ್ಯವಸ್ಥೆಯೊಳಗಿಂದ ಆ ಮುದ್ದೆಗಳನ್ನು ಹೆಕ್ಕಿ ತೆಗೆದು ಹೊಸದರೊಳಗೆ ನೆಡುತ್ತಾರೆ. ಆದರೆ ಹಳೆಯ ಮುದ್ದೆ ಹೊಸ ಮನೆಯಲ್ಲಿ ಹಳೆಯ ನೆಂಟರನ್ನೇ ಹುಡುಕುತ್ತದೆ. ಆಂಡ್ರಾಯ್ಡ್ ೬ರ ಕಾಲದಲ್ಲಿ ಇದ್ದ ಒಂದು ಉಪಕ್ರಿಯೆಯನ್ನು ೯ರಲ್ಲಿ ಗೂಗಲಿನವರು ಕಿತ್ತುಹಾಕಿದ್ದರೆ, ಅದನ್ನು ಕೂಗಿ ಕರೆದ ಮುದ್ದೆ ಉತ್ತರ ಸಿಗದೆ ಅಲ್ಲಿಯೇ ಕುಸಿಯುತ್ತದೆ. ನನ್ನ ಕ್ಯಾಮೆರಾದ ಕತ್ತಲೆ ಇದೇ. ಆಗ ಇವರು ‘ಶಿಮ್’ ಎಂಬುದನ್ನು ಬರೆಯುತ್ತಾರೆ. ಬಾಗಿಲ ಚೌಕಟ್ಟು ಗೋಡೆಗೆ ಸರಿಯಾಗಿ ಕೂರದಿದ್ದಾಗ ಬಡಗಿ ಸಂದಿಗೆ ಹೊಡೆಯುವ ಮರದ ಬೆಣೆಗೆ ಇಂಗ್ಲಿಷಿನಲ್ಲಿ ಅದೇ ಹೆಸರು. ಮುದ್ದೆ ಕರೆಯುವ ಹಳೆಯ ಹೆಸರಿನಲ್ಲಿ ಒಂದು ಹುಸಿ ಉಪಕ್ರಿಯೆಯನ್ನು ನಿಲ್ಲಿಸಿ, “ಇದ್ದೇನೆ, ಬಾ” ಎನ್ನಿಸುವುದು. ಎಷ್ಟೋ ವ್ಯವಸ್ಥೆಗಳು ಇಂತಹ ಹತ್ತಾರು ಬೆಣೆಗಳ ಮೇಲೆ ನಿಂತಿವೆ.

ತಿರುಳಿನ ತೊಡಕು ಇನ್ನೂ ಆಳದ್ದು. ಲಿನಕ್ಸಿನ ಕರ್ತೃಗಳು ತಮ್ಮ ಒಳಗಿನ ಏರ್ಪಾಡುಗಳನ್ನು ಬೇಕೆಂದಾಗ ಬದಲಾಯಿಸುತ್ತಾರೆ. ಹೊರಗಿನ ಡ್ರೈವರಿಗಾಗಿ ಕಾಯುವುದಿಲ್ಲ. ಚಿಪ್ಪು ಮಾಡುವವರು ಒಂದು ದಿನದ ತಿರುಳನ್ನು ಹಿಡಿದುಕೊಂಡು ಅದಕ್ಕೆ ಲಕ್ಷಾಂತರ ಸಾಲುಗಳನ್ನು ಸೇರಿಸಿ, ಅದನ್ನು ಮತ್ತೆ ಮೂಲಕ್ಕೆ ಒಪ್ಪಿಸದೆ ಬಿಟ್ಟುಬಿಡುತ್ತಾರೆ. ಆದುದರಿಂದ ೨೦೧೪ರ ಸ್ನ್ಯಾಪ್‌ಡ್ರಾಗನ್ ೮೦೧ ಚಿಪ್ಪಿನ ಫೋನುಗಳು ೨೦೧೨ರ ೩.೪ ಎಂಬ ತಿರುಳಿಗೆ ಅಂಟಿಕೊಂಡೇ ಉಳಿದವು. ಮೇಲಿನ ಅಂತಸ್ತುಗಳನ್ನು ಎಷ್ಟು ಹೊಸದು ಮಾಡಿದರೂ ಅಡಿಪಾಯ ಅದೇ. ಒಂದು ದಿನ ಮೇಲಿನ ಅಂತಸ್ತಿನವರು, ಹಳೆಯ ಪಾಯದಲ್ಲಿಲ್ಲದ ಒಂದು ಸೌಕರ್ಯವನ್ನು ಕಡ್ಡಾಯ ಮಾಡಿದರು. ಆಂಡ್ರಾಯ್ಡ್ ೧೨ ತನ್ನ ಜಾಲದ ಲೆಕ್ಕಗಳಿಗೆ ‘ಇಬಿಪಿಎಫ್’ ಎಂಬ ಹೊಸ ತಿರುಳುಗಳ ಸಾಧನವನ್ನು ಅವಲಂಬಿಸಿದಾಗ, ೨೦೨೨ರಲ್ಲಿ ಲೀನಿಯೇಜಿನವರು ಓಡುತ್ತಿದ್ದ ಎಷ್ಟೋ ಹಳೆಯ ಫೋನುಗಳನ್ನು ತಮ್ಮ ಹೊಸ ಆವೃತ್ತಿಯ ಪಟ್ಟಿಯಿಂದ ಇಳಿಸಬೇಕಾಯಿತು.

ಅಂಕುಶ ಇಲ್ಲದಿದ್ದರೆ ಮಹಾಪ್ರಭುಗಳ ಗತಿಯೂ ಇಷ್ಟೇ ಎಂಬುದಕ್ಕೆ ನಿದರ್ಶನಗಳುಂಟು. ಗೂಗಲಿನ ಹೆಸರಿನಲ್ಲಿಯೇ ೨೦೧೧ರಲ್ಲಿ ಹೊರಬಂದ ಗ್ಯಾಲಕ್ಸಿ ನೆಕ್ಸಸ್ ಫೋನಿನ ಚಿಪ್ಪು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯದು. ಮರುವರ್ಷ ಆ ಕಂಪೆನಿ ಫೋನಿನ ಚಿಪ್ಪುಗಳ ವ್ಯಾಪಾರದಿಂದಲೇ ಹಿಂದೆ ಸರಿಯಿತು. ೨೦೧೩ರಲ್ಲಿ ಆಂಡ್ರಾಯ್ಡ್ ೪.೪ ಬಂದಾಗ ಆ ಫೋನಿಗೆ ಅದು ದೊರೆಯಲಿಲ್ಲ. ಗೂಗಲಿನವರು ಹದಿನೆಂಟು ತಿಂಗಳ ಅವಧಿ ಮುಗಿಯಿತೆಂದರು. ಜನ ಮಾತ್ರ ಚಿಪ್ಪಿನವರು ಕಾಲ್ತೆಗೆದುದರ ಕಡೆಗೆ ಬೆರಳು ತೋರಿಸಿದರು. ಅದೇ ೨೦೧೩ರ ಆಗಸ್ಟಿನಲ್ಲಿ, ಆಂಡ್ರಾಯ್ಡಿನ ಮುಕ್ತ ಬರಹಗಳ ಮೇಲ್ವಿಚಾರಕನಾಗಿದ್ದ ಜಾನ್ ಬ್ಯಾಪ್ಟಿಸ್ಟ್ ಕೆರು ಆ ಜವಾಬ್ದಾರಿಯನ್ನೇ ಬಿಟ್ಟು ನಡೆದನು. ಹೊಸ ನೆಕ್ಸಸ್ ೭ರ ಚಿತ್ರ ಮೂಡಿಸುವ ಡ್ರೈವರನ್ನು ಹಂಚಲು ಅನುಮತಿ ದೊರೆಯದೆ, ಗೂಗಲಿನ ಸ್ವಂತ ಟ್ಯಾಬ್ಲೆಟ್ಟಿಗೆ ಗೂಗಲಿನ ಸ್ವಂತ ಮೂಲ ಬರಹದಿಂದ ಕಟ್ಟಿದ ವ್ಯವಸ್ಥೆ ಮುಖಪುಟದವರೆಗೂ ತಲುಪದೆ ನಿಲ್ಲುವಂತಾಗಿದ್ದಿತು.

ಕಂಪೆನಿಗೆ ಮನಸ್ಸಿದ್ದರೆ ಏನಾಗಬಹುದೆಂಬುದಕ್ಕೂ ಉದಾಹರಣೆಯಿದೆ. ನೆದರ್ಲೆಂಡಿನ ಫೇರ್‌ಫೋನಿನವರು ೨೦೧೫ರಲ್ಲಿ ತಮ್ಮ ಎರಡನೆಯ ಫೋನನ್ನು ಹೊರತಂದರು. ಚಿಪ್ಪು ಮಾಡಿದವರ ಬೆಂಬಲ ಆಂಡ್ರಾಯ್ಡ್ ೬ಕ್ಕೆ ಮುಗಿಯಿತು. ಇವರು ಬಿಡಲಿಲ್ಲ. ತಾವೇ ಬೆಣೆ ಹೊಡೆದು, ತೇಪೆ ಹಾಕಿ, ೨೦೨೧ರಲ್ಲಿ ೯ನ್ನೂ ಮರುವರ್ಷ ೧೦ನ್ನೂ ಅದಕ್ಕೆ ತೊಡಿಸಿ, ೨೦೨೩ರವರೆಗೆ ನಡೆಸಿದರು. ಅದೃಷ್ಟದ ಉದಾಹರಣೆಯೂ ಒಂದುಂಟು: ೨೦೦೯ರಲ್ಲಿ ವಿಂಡೋಸ್ ಮೊಬೈಲ್ ಹೊತ್ತು ಬಂದ ಎಚ್‌ಟಿಸಿ ಎಚ್‌ಡಿ೨ ಎಂಬ ಫೋನು ಹವ್ಯಾಸಿಗಳ ಕೈಯಲ್ಲಿ ಆಂಡ್ರಾಯ್ಡಿನ ಎಷ್ಟೋ ಅವತಾರಗಳನ್ನು ತಾಳಿತು. ಗೂಗಲಿನ ನೆಕ್ಸಸ್ ಒನ್ನಿನಲ್ಲಿದ್ದ ಚಿಪ್ಪೇ ಇದರಲ್ಲಿಯೂ ಇದ್ದಿತು. ಒಂದೇ ತಾಯಿಯ ಮರಿಯಾದುದರಿಂದ ಮಾವುತನನ್ನು ಎರವಲು ತರಬಹುದಾಯಿತು.

ನನ್ನ ಫೋನಿನ ಕರೆ ಏಕೆ ಹೋಗಲಿಲ್ಲ? ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ನಮ್ಮ ದೇಶದಲ್ಲಿ ಈ ಪ್ರಶ್ನೆ ಸಾವಿರಾರು ಹುಡುಗರ ತಲೆ ತಿಂದಿದೆ. ಆ ಜಾಲದಲ್ಲಿ ಹಳೆಯ ತಲೆಮಾರಿನ ಧ್ವನಿಮಾರ್ಗವೇ ಇಲ್ಲ. ಮಾತೂ ದತ್ತಾಂಶದ ಪೊಟ್ಟಣವಾಗಿಯೇ ಹೋಗಬೇಕು. ಆ ಏರ್ಪಾಡನ್ನು ನಡೆಸುವ ತಂತ್ರಾಂಶವೂ ಮುಚ್ಚಿದ ಮುದ್ದೆಯೇ. ಅದು ಹೊಸ ವ್ಯವಸ್ಥೆಗೆ ಹೊಂದದಿದ್ದರೆ ಚಲನಚಿತ್ರ ನೋಡಬಹುದು, ತಂಗಿಯೊಡನೆ ಮಾತನಾಡಲಾಗದು. ಎರಡನೆಯ ತಲೆಮಾರಿನ ಜಾಲವನ್ನು ಇನ್ನೂ ಉಳಿಸಿಕೊಂಡಿರುವ ಬೇರೊಂದು ಕಂಪೆನಿಯ ಸಿಮ್ಮನ್ನು ಹಾಕಿ ಹುಡುಗನು ತಾತ್ಕಾಲಿಕವಾಗಿ ದಾರಿ ಮಾಡಿಕೊಟ್ಟನು. ಸೋನಿ ಎಕ್ಸ್‌ಪೀರಿಯಾ ಫೋನುಗಳ ಕಥೆ ಇನ್ನೂ ಸ್ವಾರಸ್ಯವಾದುದು. ಬೂಟ್‌ಲೋಡರ್ ಎಂಬ ಹೆಬ್ಬಾಗಿಲಿನ ಬೀಗವನ್ನು ತೆಗೆದೊಡನೆ ಅವುಗಳೊಳಗಿನ ಕೆಲವು ರಹಸ್ಯ ಕೀಲಿಗಳು ಅಳಿಸಿಹೋಗುತ್ತಿದ್ದವು; ಆ ಕೀಲಿಗಳನ್ನು ನಂಬಿದ್ದ ಚಿತ್ರಸಂಸ್ಕಾರವೂ ನಿಂತು, ಮಬ್ಬು ಬೆಳಕಿನ ಚಿತ್ರಗಳು ಕಳೆಗುಂದುತ್ತಿದ್ದವು. ಕಣ್ಣು ಅದೇ, ಗಾಜು ಅದೇ. ಒಡೆಯನ ಬದಲಾವಣೆಯನ್ನು ಕಣ್ಣು ಗುರುತಿಸುತ್ತಿತ್ತು!

ಮುದ್ದೆಯನ್ನು ಎತ್ತಿ ತರುವುದರಲ್ಲಿ ತೃಪ್ತರಾಗದೆ ಅದರ ಭಾಷೆಯನ್ನೇ ಓದಲು ಹೊರಟವರೂ ಇದ್ದಾರೆ. ನನಗೆ ಎಲ್ಲರಿಗಿಂತ ಹೆಚ್ಚು ಗೌರವವಿರುವುದು ಇವರ ಮೇಲೆ. ರಾಬ್ ಕ್ಲಾರ್ಕ್ ಕ್ವಾಲ್‌ಕಾಮಿನ ಚಿತ್ರಚಿಪ್ಪಿಗೆ ೨೦೧೨ರಲ್ಲಿ ಫ್ರೀಡ್ರಿನೋ ಎಂಬ ಡ್ರೈವರನ್ನು ಆರಂಭಿಸಿದನು. ಲುಕ್ ವೆರ್‌ಹೇಗನ್ ಅದೇ ವರ್ಷ ಮಾಲಿ ಎಂಬ ಚಿಪ್ಪಿಗೆ ಲಿಮಾ ಎಂಬುದನ್ನು ಪ್ರಕಟಿಸಿದನು. ಮಾಲಿಯ ಮುಂದಿನ ಪೀಳಿಗೆಗೆ ಪ್ಯಾನ್‌ಫ್ರಾಸ್ಟನ್ನು ಬರೆಯತೊಡಗಿದಾಗ ಅಲಿಸಾ ರೋಸೆನ್‌ಜ್‌ವೈಗ್ ಇನ್ನೂ ವಿದ್ಯಾರ್ಥಿನಿ. ಇವರ ರೀತಿ ಹೀಗೆ: ಮುಚ್ಚಿದ ಡ್ರೈವರಿಗೆ ಒಂದು ಕೆಂಪು ತ್ರಿಕೋನವನ್ನು ಬರೆಯಲು ಹೇಳಿ, ಅದು ಚಿಪ್ಪಿಗೆ ಕಳುಹಿಸಿದ ಸಂಖ್ಯೆಗಳ ಸಾಲನ್ನು ಹಿಡಿದಿಟ್ಟುಕೊಳ್ಳುವುದು. ಮತ್ತೆ ನೀಲಿ ತ್ರಿಕೋನವನ್ನು ಬರೆಯಿಸಿ, ಎರಡು ಸಾಲುಗಳಲ್ಲಿ ಬದಲಾದ ಅಂಕೆ ಯಾವುದೆಂದು ನೋಡುವುದು. ಅದು ಬಣ್ಣದ ಅಂಕೆಯಿರಬೇಕು. ಹೀಗೆ ಸಾವಿರ ಬಾರಿ. ಸಾಂಚಿಯ ಕಲ್ಲುಗಳ ಮೇಲಿನ ಚಿಕ್ಕ ಚಿಕ್ಕ ಬರಹಗಳೆಲ್ಲ ಒಂದೇ ಅಕ್ಷರಗಳಲ್ಲಿ ಕೊನೆಗೊಳ್ಳುವುದನ್ನು ಕಂಡು, ಇವು ದಾನಿಗಳ ಕಾಣಿಕೆಗಳಾದುದರಿಂದ ಆ ಮಾತು ‘ದಾನಂ’ ಎಂದಿರಬೇಕೆಂದು ಊಹಿಸಿದ ಜೇಮ್ಸ್ ಪ್ರಿನ್ಸೆಪ್ ೧೮೩೭ರಲ್ಲಿ ಬ್ರಾಹ್ಮೀ ಲಿಪಿಯನ್ನು ಬಿಡಿಸಿದ್ದು ನೆನಪಿಗೆ ಬರುತ್ತದೆ. ಪ್ರಿನ್ಸೆಪನಿಗೆ ಬರೆದವರು ಸತ್ತು ಎರಡು ಸಾವಿರ ವರ್ಷವಾಗಿತ್ತು. ಇವರಿಗೆ ಬರೆದವರು ಎದುರಿಗೇ ಇದ್ದು ಬಾಯಿ ಬಿಡುತ್ತಿರಲಿಲ್ಲ. ಪ್ಯಾನ್‌ಫ್ರಾಸ್ಟಿನ ಕೆಲಸ ಕೈಗೂಡಿದ ಮೇಲೆ, ೨೦೨೦ರಲ್ಲಿ, ಮಾಲಿಯನ್ನು ರೂಪಿಸಿದ ಆರ್ಮ್ ಕಂಪೆನಿಯೇ ಅದಕ್ಕೆ ಕೈಜೋಡಿಸಿತು.

ಗೂಗಲಿನವರೂ ಸುಮ್ಮನಿರಲಿಲ್ಲ. ೨೦೧೭ರಲ್ಲಿ ಆಂಡ್ರಾಯ್ಡ್ ೮ರೊಡನೆ ತಂದ ಟ್ರೆಬಲ್ ಯೋಜನೆಯಲ್ಲಿ ಮಾವುತನಿಗೂ ಅಂಬಾರಿಗೂ ನಡುವೆ ಗೆರೆ ಎಳೆದರು. ಡ್ರೈವರುಗಳೆಲ್ಲ ಒಂದು ಕೋಣೆಯಲ್ಲಿ, ಆಂಡ್ರಾಯ್ಡ್ ಇನ್ನೊಂದರಲ್ಲಿ. ನಡುವೆ ಗೊತ್ತಾದ ಮಾತುಗಳಲ್ಲಿ ಮಾತ್ರ ವ್ಯವಹಾರ. ಇದರಿಂದ ಎಲ್ಲ ಫೋನುಗಳಿಗೂ ಹೊಂದುವ ಒಂದೇ ಸಾಮಾನ್ಯ ವ್ಯವಸ್ಥೆಯನ್ನು ಇಳಿಸಿ ನೋಡುವುದು ಸಾಧ್ಯವಾಯಿತು. ಆದರೂ ಗೊತ್ತಾದ ಮಾತುಗಳಾಚೆಗೆ ತಯಾರಕರು ಸೇರಿಸಿದ ಪಿಸುಮಾತುಗಳು ಹೊಸಬರ ಕಿವಿಗೆ ಬೀಳುವುದಿಲ್ಲ. ೨೦೨೫ರ ಜೂನಿನಲ್ಲಿ ಆಂಡ್ರಾಯ್ಡ್ ೧೬ರ ಮೂಲ ಬರಹವನ್ನು ಪ್ರಕಟಿಸುವಾಗ, ಅದುವರೆಗೆ ಜೊತೆಯಲ್ಲಿ ಕೊಡುತ್ತಿದ್ದ ತಮ್ಮ ಪಿಕ್ಸೆಲ್ ಫೋನುಗಳ ಡಿವೈಸ್ ಟ್ರೀಗಳನ್ನು ಗೂಗಲಿನವರು ಕೊಡಲಿಲ್ಲ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡರೆಂದು ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದನಂತೆ.

ಬ್ಯಾಂಕಿನ ಮಾತನ್ನು ಮರೆತೆನು. ಇಷ್ಟೆಲ್ಲ ಮಾಡಿದ್ದು ಅದಕ್ಕಾಗಿ ತಾನೆ? ಆ ಆ್ಯಪ್ ಹೊಸ ಆಂಡ್ರಾಯ್ಡನ್ನು ಕಂಡು ಸಂತೋಷಪಡುವುದರ ಬದಲು, ಈ ಫೋನಿನ ಹೆಬ್ಬಾಗಿಲಿನ ಬೀಗ ತೆಗೆದಿದೆ, ಇದು ನಂಬಿಕೆಗೆ ಯೋಗ್ಯವಲ್ಲ ಎಂದು ಮತ್ತೆ ಮುಚ್ಚಿಕೊಂಡಿತು. ಅವರ ಭಯ ಸುಳ್ಳಲ್ಲ. ಕಳ್ಳರೂ ಅದೇ ಬಾಗಿಲಿನಿಂದ ಬರುವುದುಂಟು. ಆದರೆ ಮೂರು ವರ್ಷ ರಕ್ಷಣೆಯ ತೇಪೆ ಕಾಣದ ಹಳೆಯ ವ್ಯವಸ್ಥೆಯಿದ್ದಷ್ಟು ದಿನ ನನ್ನನ್ನು ನಂಬಿದ್ದ ಯಂತ್ರ, ಈ ತಿಂಗಳ ತೇಪೆಯಿರುವ ವ್ಯವಸ್ಥೆಯನ್ನು ನಂಬದೆ ಹೋಯಿತು. ನಾನು ಪಾಸ್ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ತಿಂಗಳ ಮೊದಲ ವಾರ ಸಾಲಿನಲ್ಲಿ ನಿಲ್ಲುತ್ತಿದ್ದೇನೆ. ಸಾಲಿನಲ್ಲಿ ಹಳೆಯ ಮಿತ್ರರು ಸಿಗುತ್ತಾರೆ ಎಂಬುದೊಂದು ಲಾಭ.

ಕಳೆದ ಭಾನುವಾರ ಹುಡುಗ ಕಾಲೇಜಿನಿಂದ ಒಂದು ಕಡತವನ್ನು ಕಳುಹಿಸಿ, ಅದನ್ನು ಹೇಗೆ ಇಳಿಸಬೇಕೆಂದು ಸಾವಧಾನವಾಗಿ ಹೇಳಿಕೊಟ್ಟನು. ಯಾರೋ ಪೋಲೆಂಡಿನವನೊಬ್ಬನು ಇದೇ ಫೋನಿಗೆ ಬೆಣೆಯೊಂದನ್ನು ಬರೆದಿದ್ದಾನಂತೆ. ಕ್ಯಾಮೆರಾ ತೆರೆಯಿತು. ಅಂಗಳದ ತುಳಸಿಕಟ್ಟೆ ಬೆಳಗಿನ ಬಿಸಿಲಿನಲ್ಲಿ ಸ್ಪಷ್ಟವಾಗಿ ಮೂಡಿತು, ಆದರೆ ತಲೆಕೆಳಗಾಗಿ. ಆಕಾಶ ಕೆಳಗೆ, ಕಟ್ಟೆ ಮೇಲೆ. ನಾನು ಆ ಚಿತ್ರವನ್ನೇ ಅವನಿಗೆ ಕಳುಹಿಸಿದೆನು.

“ಕಣ್ಣನ್ನು ಕೂರಿಸಿರುವ ಕೋನ ಅದರಲ್ಲಿ ತಪ್ಪಾಗಿದೆ, ಮಾವ. ತೊಂಬತ್ತು ಎಂದಿರುವುದನ್ನು ಇನ್ನೂರ ಎಪ್ಪತ್ತು ಮಾಡಬೇಕು. ಪರೀಕ್ಷೆ ಮುಗಿಯಲಿ, ಮಾಡಿಕೊಡುತ್ತೇನೆ,” ಎಂದು ಬರೆದಿದ್ದಾನೆ.

ಅಲ್ಲಿಯವರೆಗೆ ಫೋನನ್ನು ತಿರುಗಿಸಿ ಹಿಡಿದುಕೊಂಡು ಚಿತ್ರ ತೆಗೆಯುತ್ತಿದ್ದೇನೆ.